ಎಲ್ಲರೂ ನಂಬಿದ್ದ ನಾಲ್ಕನೇ ನಂಬರಿನ ಕುದುರೆ ಸೋತದ್ದೇಕೆ? ಓಟಕ್ಕೆ ಮೊದಲು ನಾನು ಏನನ್ನು ನೋಡಬೇಕಿತ್ತು?

ಪದ್ಮಿನಿ ಎಂ.

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ನಲವತ್ತು ವರ್ಷ ಬೆಂಗಳೂರಿನ ರೇಸ್‌ಕೋರ್ಸಿಗೆ ತಪ್ಪದೆ ಹೋಗುತ್ತಿದ್ದವರು. ಅವರು ಬಾಜಿ ಕಟ್ಟುತ್ತಿದ್ದುದು ಕಡಿಮೆ; ಆದರೆ ಹಿಂದಿನ ರಾತ್ರಿ ಊಟವಾದ ಮೇಲೆ ರೇಸ್ ಪುಸ್ತಕವನ್ನು ಮುಂದಿಟ್ಟುಕೊಂಡು, ಅಂಚಿನಲ್ಲಿ ಪೆನ್ಸಿಲಿನಿಂದ ಏನೇನೋ ಗುರುತು ಹಾಕುತ್ತ ಗಂಟೆಗಟ್ಟಲೆ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪುಸ್ತಕಗಳೆಲ್ಲ ನನ್ನ ಬಳಿ ಬಂದಿವೆ. ಈ ಚಳಿಗಾಲದ ಸೀಸನ್‌ನಿಂದ ನಾನೂ ಹೋಗತೊಡಗಿದ್ದೇನೆ.

ಕಳೆದ ವಾರ 20ರಿಂದ 45 ರೇಟಿಂಗಿನ (ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ) ಕುದುರೆಗಳ 1400 ಮೀಟರ್ ಓಟವಿತ್ತು, ಒಟ್ಟು ಒಂಬತ್ತು ಕುದುರೆಗಳು. ನಾಲ್ಕನೇ ನಂಬರಿನ ಕುದುರೆ ಅದರ ಹಿಂದಿನ ಓಟವನ್ನು, ಅಂದರೆ 1200 ಮೀಟರನ್ನು, ಮೊದಲಿನಿಂದ ಕೊನೆಯವರೆಗೂ ಮುಂದೆಯೇ ಇದ್ದು ಮೂರು ಲೆಂಗ್ತ್‌ಗಳಿಂದ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಗೆದ್ದಿತ್ತು. ಬೆಳಗಿನ ಟ್ರ್ಯಾಕ್ ವರ್ಕಿನಲ್ಲಿ, ಅಂದರೆ ಅಭ್ಯಾಸದ ಓಟದಲ್ಲಿ, 600 ಮೀಟರನ್ನು 42 ಸೆಕೆಂಡಿನಲ್ಲಿ ಓಡಿತ್ತೆಂದು ಪತ್ರಿಕೆಯಲ್ಲಿ ಬಂದಿತ್ತು. ಈ ಸಲ ಇನ್ನೂ ಕಲಿಯುತ್ತಿರುವ ಅಪ್ರೆಂಟಿಸ್ ಹುಡುಗನ ಬದಲು ಹೆಸರಾಂತ ಜಾಕಿಯನ್ನೂ ಕೂರಿಸಿದ್ದರು. 6/4 ದರದಲ್ಲಿ (ನಾಲ್ಕು ರೂಪಾಯಿ ಕಟ್ಟಿ ಗೆದ್ದರೆ ಆರು ರೂಪಾಯಿ ಲಾಭ) ಅದೇ ಫೇವರಿಟ್, ಅಂದರೆ ಜನ ಎಲ್ಲಕ್ಕಿಂತ ಹೆಚ್ಚು ನಂಬಿದ ಕುದುರೆ. ಓಟದಲ್ಲಿ ಅದು ತಿರುವಿನವರೆಗೂ ಮುಂದಿತ್ತು, ಕೊನೆಯ 200 ಮೀಟರಿನಲ್ಲಿ ಕುಸಿದು ಐದನೆಯದಾಯಿತು. ನಾನು ಕಳೆದುಕೊಂಡ ಹಣ ದೊಡ್ಡದಲ್ಲ. ಏಕೆ ಸೋತಿತೆಂದು ತಿಳಿಯದೇ ಇರುವುದೇ ನನ್ನನ್ನು ಕಾಡುತ್ತಿದೆ.

ಇನ್ನೊಂದು ಕೋರಿಕೆ. ತಂದೆಯವರ ಒಂದು ಪುಸ್ತಕದಲ್ಲಿ ಹಿಂದಿನ ಓಟ ಗೆದ್ದಿದ್ದ ಕುದುರೆಯೊಂದರ ಪಕ್ಕ ಹೀಗೆ ಬರೆದಿದೆ: ‘+8=4, ಅ 2, 3 ಹೊ., ಬೆ. ಇಲ್ಲ, X’. ಇದರ ಅರ್ಥ ಯಾರಿಗಾದರೂ ಗೊತ್ತೇ?

ಲೆಕ್ಕಿಗ

ಮೇಡಂ, ನಿಮ್ಮ ಎರಡೂ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರವಿದೆ. ‘+8=4’ ಎಂದರೆ ಆ ಕುದುರೆಯ ರೇಟಿಂಗ್ ಎಂಟು ಅಂಕ ಏರಿದೆ, ಹಾಗಾಗಿ ನಾಲ್ಕು ಕಿಲೋ ಹೆಚ್ಚು ತೂಕ ಹೊರಬೇಕು ಎಂದು. ನಮ್ಮ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ (ಹೆಚ್ಚು ರೇಟಿಂಗಿನ ಕುದುರೆಗೆ ಹೆಚ್ಚು ತೂಕ ಹೊರಿಸಿ ಎಲ್ಲವನ್ನೂ ಸಮಗಟ್ಟುವ ಕ್ರಮ) ಒಂದು ಅಂಕಕ್ಕೆ ಅರ್ಧ ಕಿಲೋ. ‘ಅ 2’ ಎಂದರೆ ಹಿಂದಿನ ಸಲ ಅಪ್ರೆಂಟಿಸ್ ಜಾಕಿಗೆ ಸಿಕ್ಕಿದ್ದ ಎರಡು ಕಿಲೋ ರಿಯಾಯಿತಿ ಈ ಸಲ ಇಲ್ಲ ಎಂದಿರಬೇಕು. ಅಂದರೆ ನಿಮ್ಮ ತಂದೆಯವರು ಒಟ್ಟು ಆರು ಕಿಲೋ ವ್ಯತ್ಯಾಸವನ್ನು ಗುರುತು ಮಾಡಿಕೊಂಡಿದ್ದರು.

ಈಗ ನಿಮ್ಮ ನಾಲ್ಕನೇ ನಂಬರಿಗೆ ಬನ್ನಿ. ನಾನು ಎರಡೂ ಓಟಗಳ ಪುಸ್ತಕ ತೆಗೆದು ನೋಡಿದೆ. ಗೆದ್ದ ದಿನ ಅದರ ರೇಟಿಂಗ್ 28 ಇತ್ತು, ಗೆದ್ದ ಮೇಲೆ 38 ಆಯಿತು. ಎರಡೂ ಓಟಗಳಲ್ಲಿ 45 ರೇಟಿಂಗಿನ ಕುದುರೆಗೆ 60 ಕಿಲೋ ಕೊಟ್ಟಿದ್ದರಿಂದ, ಅಂದು ಇದರ ಪಾಲಿಗೆ ಬಂದದ್ದು 51.5 ಕಿಲೋ, ಅದರಲ್ಲಿ ಅಪ್ರೆಂಟಿಸ್ ಹುಡುಗನ ಮೂರು ಕಿಲೋ ರಿಯಾಯಿತಿ ಕಳೆದರೆ 48.5. ಕಳೆದ ವಾರ ಅದು ಹೊತ್ತದ್ದು 56.5. ಹೆಸರಾಂತ ಜಾಕಿ ಬಂದದ್ದನ್ನು ನೀವು ಲಾಭವೆಂದು ಎಣಿಸಿದಿರಿ. ಅದೇ ಬದಲಾವಣೆಯಲ್ಲಿ ಮೂರು ಕಿಲೋ ನಷ್ಟವೂ ಅಡಗಿತ್ತು. ಒಟ್ಟು ಎಂಟು ಕಿಲೋ! ಕಿರು ದೂರದಲ್ಲಿ ಒಂದು ಲೆಂಗ್ತಿಗೆ ಸುಮಾರು ಒಂದೂವರೆ ಕಿಲೋ, 1600 ಮೀಟರಿಗೆ ಬಂದರೆ ಸುಮಾರು ಒಂದು ಕಿಲೋ ಎಂದು ರೂಢಿಯ ಲೆಕ್ಕ. ಆ ಪ್ರಕಾರ 1400 ಮೀಟರಿನಲ್ಲಿ ಎಂಟು ಕಿಲೋ ಎಂದರೆ ಆರೇಳು ಲೆಂಗ್ತ್. ಗೆದ್ದಿದ್ದು ಮೂರರಿಂದ. ಉಳಿದದ್ದನ್ನು ನೀವೇ ಕಳೆದು ನೋಡಿ.

ಪ್ಯಾಡಾಕ್ ಕಟ್ಟೆ

ಲೆಕ್ಕಿಗರೇ, ನಿಮ್ಮ ಕೂಡು-ಕಳೆಯಲ್ಲಿ ತಪ್ಪಿಲ್ಲ, ಆದರೆ ಅದನ್ನು ನೀವು ಅತಿಯಾಗಿ ನಂಬುತ್ತೀರಿ. ಕುದುರೆಯ ಮೈತೂಕವೇ 450 ಕಿಲೋ ಮೇಲಿರುತ್ತದೆ, ಎಂಟು ಕಿಲೋ ಅದರ ನೂರರಲ್ಲಿ ಎರಡು ಪಾಲೂ ಅಲ್ಲ. ಬೆಳೆಯುವ ವಯಸ್ಸಿನ ಮೂರು ವರ್ಷದ ಕುದುರೆ ಎರಡು ತಿಂಗಳಲ್ಲಿ ಅಷ್ಟು ಬಲವನ್ನು ಕೂಡಿಸಿಕೊಂಡು ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತೂಕವೊಂದೇ ತೀರ್ಮಾನಿಸುವುದಾದರೆ ಮೂರು ಓಟ ಸಾಲಾಗಿ ಗೆದ್ದು ಮೇಲಿನ ವರ್ಗಕ್ಕೆ ಏರುವ ಕುದುರೆಗಳೇ ಇರಬಾರದಿತ್ತು.

ಲೆಕ್ಕಿಗ

ಅದನ್ನು ಒಪ್ಪುತ್ತೇನೆ. ಆದರೆ ಇದು ಐದು ವರ್ಷದ ಕುದುರೆ, ಇದು ಓಡಿದ್ದು ಇಪ್ಪತ್ತಕ್ಕೂ ಹೆಚ್ಚು ಸಲ. ಇದು 34ರ ಮೇಲಿನ ರೇಟಿಂಗಿನಲ್ಲಿ ಒಮ್ಮೆಯೂ ಗೆದ್ದಿಲ್ಲ. ಇಳಿದು ಇಳಿದು 28ಕ್ಕೆ ಬಂದಾಗ ಗೆದ್ದಿತು. ಬೆಳೆಯುತ್ತಿರುವ ಮರಿಗೂ ತನ್ನ ಮಟ್ಟವನ್ನು ಮುಟ್ಟಿ ನಿಂತಿರುವ ಹಳೆಯ ಕುದುರೆಗೂ ಒಂದೇ ಅಳತೆಗೋಲು ಹಿಡಿಯಬಾರದೆಂದು ನೀವೇ ಹೇಳಿದಂತಾಯಿತು.

ತಿರುವಿನ ಹತ್ತಿರ

ಇಬ್ಬರೂ ಓಟ ನಡೆದ ಬಗೆಯನ್ನೇ ಬಿಟ್ಟಿದ್ದೀರಿ. ಹಿಂದಿನ ಓಟದಲ್ಲಿ, ಓಟ ಶುರುವಾಗುವ ಗೇಟಿನಿಂದಲೇ ಮುಂದೆ ಹೋಗುವ ಕುದುರೆ ಇದೊಂದೇ ಇತ್ತು. ಜಾಕಿ ತನಗೆ ಬೇಕಾದ ವೇಗಕ್ಕೆ ಇಳಿಸಿಕೊಂಡು, ಉಸಿರು ಉಳಿಸಿಕೊಂಡು, ನೇರ ಹಾದಿಗೆ ಬಂದ ಮೇಲೆ ಬಿಟ್ಟ. ಕಳೆದ ವಾರ ಮೊದಲಿನಿಂದಲೇ ಮುಂದೆ ಹೋಗುವ ಚಟದ ಕುದುರೆಗಳು ಮೂರಿದ್ದವು, ನಾಲ್ಕನೇ ನಂಬರಿಗೆ ಗೇಟ್ ಸಿಕ್ಕಿದ್ದು ಒಂಬತ್ತನೆಯದು, ತೀರ ಹೊರಗಿನದು. ಮುಂದೆ ಹೋಗಬೇಕೆಂದರೆ ಮೊದಲ 300 ಮೀಟರಿನಲ್ಲೇ ಶಕ್ತಿ ಸುಡಬೇಕು. ಹೋಗದಿದ್ದರೆ ತಿರುವಿನಲ್ಲಿ ಹೊರಗಿನ ಸಾಲಿನಲ್ಲೇ ಓಡಬೇಕು. ಅದಕ್ಕೆ ಎರಡೂ ಆಯಿತು. ತಿರುವಿನಲ್ಲಿ ಅದು ರೇಲಿಂಗಿನಿಂದ ಮೂರನೇ ಸಾಲಿನಲ್ಲಿತ್ತು.

ಇದು ಎಷ್ಟು ದುಬಾರಿ ಎಂದು ಕಾಗದದ ಮೇಲೆ ಬರೆದು ನೋಡಿ. ಅರ್ಧ ವೃತ್ತದಷ್ಟು ತಿರುವಿನಲ್ಲಿ ಒಂದು ಮೀಟರ್ ಹೊರಗೆ ಓಡಿದರೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಓಡಿದಂತೆ. ಎರಡು ಮೀಟರ್ ಹೊರಗಿದ್ದರೆ ಆರು ಮೀಟರ್ ದಾಟುತ್ತದೆ. ಒಂದು ಲೆಂಗ್ತ್ ಎಂದರೆ ಸುಮಾರು 2.4 ಮೀಟರ್, ಆದ್ದರಿಂದ ಎರಡೂವರೆ ಲೆಂಗ್ತ್ ತಿರುವಿನಲ್ಲೇ ಹೋಯಿತು.

ಪದ್ಮಿನಿ ಮೇಡಂ, ನಿಮ್ಮ ತಂದೆಯವರ ‘3 ಹೊ.’ ಇದೇ ಇರಬೇಕು: ಮೂರನೇ ಸಾಲು, ಹೊರಗೆ.

ಪದ್ಮಿನಿ ಎಂ.

ಹೌದು! ಅವರು ಟಿ.ವಿ.ಯಲ್ಲಿ ಮರುಪ್ರಸಾರ ಬಂದಾಗ ಗೆದ್ದ ಕುದುರೆಯನ್ನು ನೋಡದೆ ‘ತಿರುವಿನಲ್ಲಿ ಯಾರು ಹೊರಗಿದ್ದಾರೆ ನೋಡು’ ಎಂದು ನನಗೆ ತೋರಿಸುತ್ತಿದ್ದರು. ಆಗ ನನಗೆ ಅದೇನೆಂದು ತಿಳಿದಿರಲಿಲ್ಲ. ಎಲ್ಲರಿಗೂ ಕೃತಜ್ಞತೆಗಳು. ಆದರೆ 42 ಸೆಕೆಂಡಿನ ಟ್ರ್ಯಾಕ್ ವರ್ಕ್? ಅದು ಚೆನ್ನಾಗಿಯೇ ಇತ್ತಲ್ಲವೇ?

ಬೆಳಗಿನ ಗಡಿಯಾರ

ಬೆಳಗಿನ ಜಾವ ಸ್ಟಾಪ್‌ವಾಚ್ ಹಿಡಿದು ನಿಂತು ಬಹಳ ವರ್ಷ ಕಳೆದವನಾಗಿ ಇದಕ್ಕೆ ನಾನು ಉತ್ತರಿಸುತ್ತೇನೆ. ಬರಿಯ 42 ಎಂಬ ಅಂಕಿಗೆ ಬೆಲೆಯಿಲ್ಲ. ಅದು ಒಳಗಿನ ಮರಳಿನ ಟ್ರ್ಯಾಕಿನಲ್ಲೋ ಹೊರಗಿನದರಲ್ಲೋ, ಮೇಲೆ ಕುಳಿತವನು ಜಾಕಿಯೋ ಭಾರದ ವರ್ಕ್ ರೈಡರೋ, ಜೊತೆಗೆ ಇನ್ನೊಂದು ಕುದುರೆ ಇತ್ತೋ ಒಂಟಿಯಾಗಿ ಓಡಿತೋ, ಆ 600ರ ಮೊದಲು ಎಷ್ಟು ದೂರ ಓಡಿ ಬಂದಿತ್ತು, ಕೊನೆಯಲ್ಲಿ ಕೈ ಆಡಿಸಿ ಓಡಿಸಿದರೋ ಲಗಾಮು ಹಿಡಿದೇ ಬಂದರೋ, ಇವನ್ನೆಲ್ಲ ಕೇಳಬೇಕು. ಪತ್ರಿಕೆಯಲ್ಲಿ ಅಂಕಿಯ ಮುಂದೆ ಇರುವ ಒಂದೆರಡು ಪದಗಳನ್ನು, ಅಂದರೆ ‘ಸಲೀಸಾಗಿ’, ‘ಒತ್ತಿ’, ‘ನಿಧಾನಿಸಿ’ ಎಂಬ ಅರ್ಥ ಬರುವವನ್ನು, ಅಂಕಿಗಿಂತ ಹೆಚ್ಚು ಗಮನವಿಟ್ಟು ಓದಬೇಕು. ನಿಮ್ಮ ಕುದುರೆಯ 42ರ ಮುಂದೆ ಒತ್ತಿ ಓಡಿಸಿದರೆಂದೇ ಇತ್ತು. 44 ಸೆಕೆಂಡಿಗೆ ಕಿವಿ ಮುಂದೆ ಮಾಡಿಕೊಂಡು, ಬಾಯಿ ಬಿಗಿಯದೆ, ರೈಡರನ ತೋಳನ್ನು ಎಳೆಯುತ್ತ ಬರುವ ಕುದುರೆ ನನಗೆ ಇದಕ್ಕಿಂತ ಇಷ್ಟ.

ಆದರೆ ಇನ್ನೂ ಒಂದೂ ಓಟ ಓಡದ ಹೊಸ ಕುದುರೆಗಳ ವಿಷಯದಲ್ಲಿ ಮಾತ್ರ ಟ್ರ್ಯಾಕ್ ವರ್ಕನ್ನೂ ಮಾಕ್ ರೇಸನ್ನೂ (ಅಭ್ಯಾಸಕ್ಕೆಂದೇ ನಡೆಸುವ ಓಟ) ಬಿಟ್ಟು ಬೇರೆ ಆಧಾರವಿಲ್ಲ. ಅಲ್ಲಿ ಗೇಟಿನಿಂದ ಹೇಗೆ ಹೊರಬೀಳುತ್ತದೆ ಎಂಬುದನ್ನು ಮೊದಲು ನೋಡಿ.

ನಂಜನಗೂಡಿನವನು

ಇಷ್ಟೆಲ್ಲ ಓದುವ ಬದಲು ಲಾಯದ ಒಳಗಿನ ಒಬ್ಬರ ಪರಿಚಯವಿದ್ದರೆ ಸಾಕು. ಯಾವ ಕುದುರೆ ಇವತ್ತು ಓಡುತ್ತದೆ, ಯಾವುದು ಓಡುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಉಳಿದವರ ಲೆಕ್ಕಾಚಾರವೆಲ್ಲ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಕುಣಿಗಲ್ ಹುಡುಗ

ಅಣ್ಣ, ನಾನು ಲಾಯದಲ್ಲೇ ಬೆಳೆದವನು. ನಮ್ಮ ತಂದೆ ಸೈಸ್ (ಕುದುರೆ ನೋಡಿಕೊಳ್ಳುವವರು) ಆಗಿದ್ದರು, ಅದಕ್ಕೂ ಮೊದಲು ನಮ್ಮ ತಾತ ಕುಣಿಗಲ್ ಸ್ಟಡ್ ಫಾರಂನಲ್ಲಿ ಮರಿಗಳನ್ನು ನೋಡಿಕೊಳ್ಳುತ್ತಿದ್ದರು. ಒಳಗಿನವರಿಗೆ ತಮ್ಮ ಕುದುರೆ ಗೊತ್ತು, ಎದುರಿನ ಎಂಟು ಕುದುರೆಗಳು ಗೊತ್ತಿಲ್ಲ. ಪ್ರತಿ ಲಾಯದಲ್ಲೂ ಅದೇ ಬೆಳಿಗ್ಗೆ ‘ನಮ್ಮದು ಚೆನ್ನಾಗಿದೆ’ ಎಂದೇ ಹೇಳುತ್ತಿರುತ್ತಾರೆ, ಅದು ಸುಳ್ಳೂ ಅಲ್ಲ. ನಮ್ಮ ತಂದೆ ಇಡೀ ಜೀವನದಲ್ಲಿ ತಾವು ಸಾಕಿದ ಕುದುರೆಗಳ ಮೇಲೆ ಕಟ್ಟಿ ಗೆದ್ದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಅವರಿಂದ ನಾನು ಕಲಿತದ್ದು ಬೇರೆ. ದಿನವೂ ಬೆಳಿಗ್ಗೆ ಅವರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಕುದುರೆಯ ಮುಂಗಾಲಿನ ಮಂಡಿಯಿಂದ ಕೆಳಕ್ಕೆ ಹಿಂಬದಿಯ ಸ್ನಾಯುರಜ್ಜುವನ್ನು (ಟೆಂಡನ್) ಅಂಗೈಯಿಂದ ಸವರುತ್ತ ಇಳಿಸುತ್ತಿದ್ದರು. ಎರಡು ಕಾಲುಗಳಲ್ಲಿ ಒಂದು ಒಂದಿಷ್ಟೇ ಬೆಚ್ಚಗಿದ್ದರೂ ತಕ್ಷಣ ಟ್ರೈನರ್‌ಗೆ ಹೇಳುತ್ತಿದ್ದರು. ಹೊರಗಿನವರಿಗೆ ಮುಟ್ಟುವ ಅವಕಾಶವಿಲ್ಲ, ಆದರೆ ಪ್ಯಾಡಾಕಿನಲ್ಲಿ (ಓಟಕ್ಕೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಆವರಣ) ನೋಡುವ ಅವಕಾಶವಿದೆ. ನಡೆಯುವಾಗ ಹಿಂಗಾಲಿನ ಗೊರಸು ಮುಂಗಾಲಿನ ಹೆಜ್ಜೆಗುರುತನ್ನು ದಾಟಿ ಬೀಳುತ್ತಿದೆಯೇ ನೋಡಿ. ದಾಟುತ್ತಿದ್ದರೆ ಬೆನ್ನು ಸೊಂಟ ಸಡಿಲವಾಗಿವೆ ಎಂದರ್ಥ. ಗಿಡ್ಡ ಹೆಜ್ಜೆ ಇಟ್ಟು ತಲೆ ಮೇಲೆ ಕೆಳಗೆ ಆಡಿಸುವ ಕುದುರೆಯನ್ನು ಬಿಟ್ಟುಬಿಡಿ.

ಮೇಡಂ, ‘ಬೆ. ಇಲ್ಲ’ ಎಂಬುದು ಬೆವರಿಲ್ಲ ಎಂದಿರಬೇಕು. ಹಿಂದೊಡೆಗಳ ನಡುವೆ ಬಿಳಿ ನೊರೆ ಬರುವಷ್ಟು ಬೆವರಿದರೆ ಕುದುರೆ ಗಾಬರಿಗೊಂಡು ಗೇಟಿಗೆ ಹೋಗುವ ಮೊದಲೇ ಓಟ ಮುಗಿಸಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬೇಸಿಗೆಯಲ್ಲಿ ಬೆವರಲೇಬೇಕಾದ ಹೊತ್ತಿನಲ್ಲಿ ಮೈಯೆಲ್ಲ ಒಣಗಿ, ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುವುದು ಅದಕ್ಕಿಂತ ಕೆಟ್ಟದ್ದು. ಬಿಸಿ ಮತ್ತು ತೇವದ ಹವೆಯಲ್ಲಿ ಕೆಲವು ಕುದುರೆಗಳ ಬೆವರು ನಿಂತೇಹೋಗುತ್ತದೆ. ಮೈಯ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಅವು ಕೊನೆಯಲ್ಲಿ ನಿಂತುಬಿಡುತ್ತವೆ. ಆ ಪುಸ್ತಕ ಬೇಸಿಗೆ ಸೀಸನ್ನಿನದೇ?

ಪದ್ಮಿನಿ ಎಂ.

ಮೇ ತಿಂಗಳಿನದು. ಅದನ್ನು ಓದಿದಾಗ ಕಣ್ಣು ತುಂಬಿ ಬಂತು. ಉಳಿದದ್ದೆಲ್ಲ ಹಿಂದಿನ ರಾತ್ರಿ ಬರೆದದ್ದು, ಒಂದೇ ಸಮನಾದ ಸಣ್ಣ ಅಕ್ಷರ. ‘ಬೆ. ಇಲ್ಲ’ ಮಾತ್ರ ವಕ್ರವಾಗಿದೆ, ಅದನ್ನು ಅವರು ಪ್ಯಾಡಾಕಿನ ಕಟಕಟೆಗೆ ಒರಗಿ ನಿಂತೇ ಬರೆದಿರಬೇಕು.

ಪ್ಯಾಡಾಕ್ ಕಟ್ಟೆ

ಅದನ್ನೇ ನಾನು ಹೇಳುತ್ತಿದ್ದದ್ದು. ಕಾಗದ ಎಲ್ಲರಿಗೂ ಒಂದೇ, ಕಣ್ಣು ಮಾತ್ರ ನಮ್ಮದು.

ಮೂಡುಬಿದಿರೆ

ನಮ್ಮ ಕಡೆಯ ಕಂಬಳದಲ್ಲಿ ಕೋಣಗಳ ಜೋಡಿ ತನ್ನದೇ ಕರೆಯಲ್ಲಿ (ಕೆಸರಿನ ಓಟದ ಹಾದಿ) ಓಡುತ್ತದೆ, ಅಡ್ಡ ಬರುವವರಿಲ್ಲ, ಆದ್ದರಿಂದ ಗಡಿಯಾರದ ಮಾತನ್ನು ನಂಬಬಹುದು. ಕುದುರೆ ಓಟದಲ್ಲಿಯೂ ಸಮಯವನ್ನೇ ಹೋಲಿಸಿದರೆ ಆಗದೇ?

ತಿರುವಿನ ಹತ್ತಿರ

ಆಗುವುದಿಲ್ಲ. ಮೊದಲ ಅರ್ಧವನ್ನು ಎಲ್ಲರೂ ನಿಧಾನವಾಗಿ ಓಡಿದರೆ ಒಳ್ಳೆಯ ಕುದುರೆಯ ಸಮಯವೂ ಕೆಟ್ಟದಾಗಿ ಕಾಣುತ್ತದೆ. ಮಳೆ ಬಂದು ಹುಲ್ಲಿನ ನೆಲ ಮೆತ್ತಗಾದರೆ ಇನ್ನೂ ವ್ಯತ್ಯಾಸ. ಅದಕ್ಕೇ ನೆಲದ ಗಟ್ಟಿತನವನ್ನು ಪೆನೆಟ್ರೋಮೀಟರಿನಿಂದ ಅಳೆದು ಪ್ರಕಟಿಸುತ್ತಾರೆ. ಸಮಯವನ್ನು ಹೋಲಿಸುವುದಾದರೆ ಅದೇ ದಿನ, ಅದೇ ದೂರದ ಇನ್ನೊಂದು ಓಟದ ಜೊತೆ ಹೋಲಿಸಿ. ಒಂದು ಸೆಕೆಂಡಿಗೆ ಸುಮಾರು ಆರು ಲೆಂಗ್ತ್ ಎಂದು ಇಟ್ಟುಕೊಳ್ಳಿ. ಕೆಳವರ್ಗದ ಓಟ ಮೇಲುವರ್ಗದ್ದಕ್ಕಿಂತ ಅರ್ಧ ಸೆಕೆಂಡು ವೇಗವಾಗಿ ಮುಗಿದಿದ್ದರೆ ಆ ಗೆದ್ದ ಕುದುರೆಯ ಹೆಸರನ್ನು ಬರೆದಿಟ್ಟುಕೊಳ್ಳಬೇಕು.

ಹಾಂಕಾಂಗ್ ಕನ್ನಡಿಗ

ಇಲ್ಲಿನ ರೇಸ್‌ಕೋರ್ಸುಗಳಾದ ಹ್ಯಾಪಿ ವ್ಯಾಲಿ ಮತ್ತು ಶಾಟಿನ್‌ನಲ್ಲಿ ಪ್ರತಿ ಕುದುರೆಯ ತುಂಡು ತುಂಡು ಹಾದಿಯ ಸಮಯ, ಓಟದ ದಿನದ ಮೈತೂಕ, ವೈದ್ಯರ ದಾಖಲೆ, ಟ್ರ್ಯಾಕ್ ವರ್ಕಿನ ವಿವರ ಎಲ್ಲವನ್ನೂ ಕ್ಲಬ್ಬೇ ಉಚಿತವಾಗಿ ಪ್ರಕಟಿಸುತ್ತದೆ. ಆದ್ದರಿಂದ ಇಲ್ಲಿ ಗುಟ್ಟಿನ ಸುದ್ದಿಗೆ ಅಷ್ಟು ಬೆಲೆಯಿಲ್ಲ. 1980ರ ದಶಕದಲ್ಲಿ ಇಲ್ಲಿಗೆ ಬಂದ ಬಿಲ್ ಬೆಂಟರ್ ಎಂಬ ಅಮೆರಿಕನ್ ಇಂಥ ವಿವರಗಳನ್ನು ಕಂಪ್ಯೂಟರಿಗೆ ಕೊಟ್ಟು ಪ್ರತಿ ಕುದುರೆಯ ಗೆಲುವಿನ ಸಾಧ್ಯತೆಯನ್ನು ಲೆಕ್ಕ ಹಾಕಿದರು. ಗಮನಿಸಬೇಕಾದದ್ದೇನೆಂದರೆ, ತಮ್ಮ ಲೆಕ್ಕವೊಂದನ್ನೇ ಅವರು ನಂಬಲಿಲ್ಲ. ಜನ ಕಟ್ಟಿದ ಹಣದಿಂದ ಮೂಡುವ ದರವನ್ನೂ ಅದರ ಜೊತೆ ಬೆರೆಸಿದ ಮೇಲೆಯೇ ಅದು ಫಲ ಕೊಟ್ಟಿತು. ಸಾವಿರಾರು ಜನರ ಅಭಿಪ್ರಾಯವೂ ಒಂದು ಮಾಹಿತಿಯೇ ಎಂದು ಅವರು ಒಪ್ಪಿಕೊಂಡಿದ್ದರು.

ಪದ್ಮಿನಿಯವರೇ, ನೀವು ಕೇಳಬೇಕಾಗಿದ್ದ ಪ್ರಶ್ನೆ ‘ನಾಲ್ಕನೇ ನಂಬರ್ ಗೆಲ್ಲುತ್ತದೆಯೇ’ ಎಂಬುದಲ್ಲ, ‘6/4 ದರಕ್ಕೆ ತಕ್ಕಷ್ಟು ಸಲ ಗೆಲ್ಲುತ್ತದೆಯೇ’ ಎಂಬುದು. 6/4 ಎಂದರೆ ನೂರಕ್ಕೆ ನಲವತ್ತು ಸಲ ಗೆದ್ದರೆ ಮಾತ್ರ ಹಣ ಸರಿದೂಗುತ್ತದೆ. ಲೋಕದ ಬಹುಪಾಲು ಕಡೆ ಫೇವರಿಟ್‌ಗಳು ಗೆಲ್ಲುವುದು ಸುಮಾರು ಮೂರರಲ್ಲಿ ಒಂದು ಸಲ. ಎಂಟು ಕಿಲೋ ಹೆಚ್ಚು ಹೊತ್ತು, ಹೊರಗಿನ ಗೇಟಿನಿಂದ, ಇನ್ನೆರಡು ಮುಂದೋಡುವ ಕುದುರೆಗಳ ಜೊತೆ ಓಡುವ ಇದಕ್ಕೆ ನೀವು ನೂರಕ್ಕೆ ಎಷ್ಟು ಕೊಡುತ್ತೀರಿ?

ಲೆಕ್ಕಿಗ

ಇದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ಆರು ಕುದುರೆಗಳಿಗೆ ಬುಕ್ಕಿಯ ದರ ಸಮಸಮ (1/1), 3/1, 4/1, 8/1, 10/1, 15/1 ಇದೆ ಎನ್ನಿ. ಇವನ್ನು ಶೇಕಡಾವಾರು ಬರೆದರೆ 50, 25, 20, 11, 9, 6, ಕೂಡಿದರೆ 121. ನೂರನ್ನು ಮೀರಿದ ಆ 21 ಬುಕ್ಕಿಯ ಪಾಲು. ಇದರ ಮೇಲೆ ತೆರಿಗೆ. 2023ರ ಅಕ್ಟೋಬರ್ 1ರಿಂದ ಕಟ್ಟುವ ಪೂರ್ತಿ ಮೊತ್ತದ ಮೇಲೆ ಶೇ. 28 ಜಿ.ಎಸ್.ಟಿ. ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಗಿದೆ. ಬೇರೆಯವರಿಗಿಂತ ಸ್ವಲ್ಪ ಚೆನ್ನಾಗಿ ಆರಿಸುವವನಿಗೂ ಇಂದು ಹಣ ಉಳಿಯುವುದಿಲ್ಲ. ಇದನ್ನು ತಿಳಿದೇ ಕಣಕ್ಕಿಳಿಯಬೇಕು.

ನಂಜನಗೂಡಿನವನು

ಹಾಗಾದರೆ ಇಷ್ಟು ಓದಿ ಏನು ಉಪಯೋಗ? ಅದೃಷ್ಟದ ಆಟ ಎಂದು ಒಪ್ಪಿಕೊಳ್ಳಿ.

ವಕೀಲ, ಧಾರವಾಡ

ಅದನ್ನು ಸುಪ್ರೀಂ ಕೋರ್ಟ್ ಒಪ್ಪಿಲ್ಲ. ಡಾ. ಕೆ.ಆರ್. ಲಕ್ಷ್ಮಣನ್ ಮತ್ತು ತಮಿಳುನಾಡು ಸರ್ಕಾರದ ನಡುವಿನ 1996ರ ಪ್ರಕರಣದಲ್ಲಿ, ಕುದುರೆ ಓಟದ ಫಲಿತಾಂಶ ಮುಖ್ಯವಾಗಿ ಕೌಶಲ್ಯವನ್ನು ಅವಲಂಬಿಸಿದೆ ಎಂದು ತೀರ್ಪು ಬಂದಿದೆ. ಕುದುರೆಯ ತಳಿ, ತರಬೇತಿ, ಜಾಕಿಯ ಚಾತುರ್ಯ, ಇವನ್ನೆಲ್ಲ ತಿಳಿದು ನಿರ್ಣಯಿಸಬಹುದು ಎಂಬುದೇ ಅದರ ಆಧಾರ. ನೀವು ಮೇಲೆ ಓದಿದ ಚರ್ಚೆಯೇ ಅದಕ್ಕೆ ಸಾಕ್ಷಿ.

ನಂಜನಗೂಡಿನವನು

ಕೌಶಲ್ಯವಿದೆ ಎಂಬುದೂ ಹಣ ಬರುತ್ತದೆ ಎಂಬುದೂ ಒಂದೇ ಅಲ್ಲವಲ್ಲ, ವಕೀಲರೇ.

ವಕೀಲ, ಧಾರವಾಡ

ಅಲ್ಲ. ಅದನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಬೆಳಗಿನ ಗಡಿಯಾರ

ಮರೆತಿದ್ದ ಒಂದು ಮಾತು: ಸಾಧನಗಳ ಬದಲಾವಣೆಯನ್ನು ಪುಸ್ತಕದಲ್ಲಿ ನೋಡಿ. ಅತ್ತಿತ್ತ ನೋಡಿ ಗಮನ ಕಳೆದುಕೊಳ್ಳುವ ಕುದುರೆಗೆ ಮೊದಲ ಸಲ ಬ್ಲಿಂಕರ್ (ಕಣ್ಣಿನ ಪಕ್ಕದ ಮರೆ) ಹಾಕಿದಾಗ ಓಟವೇ ಬದಲಾಗಬಹುದು. ಹಾಗೆಯೇ ಹಿಂದಿನ ಓಟದಲ್ಲಿ ಮೂಗಿನಿಂದ ರಕ್ತ ಬಂದಿತ್ತೆಂಬ ಟಿಪ್ಪಣಿ ಇದ್ದರೆ ಅದನ್ನು ಹಗುರವಾಗಿ ಎಣಿಸಬೇಡಿ.

ಪದ್ಮಿನಿ ಎಂ.

ನಿನ್ನೆ ರಾತ್ರಿ ತಂದೆಯವರ ಹದಿನಾಲ್ಕು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಪುಟ ಪುಟವಾಗಿ ನೋಡಿದೆ. ‘X’ ಏನೆಂಬುದು ತಿಳಿಯಿತು. ಕೆಲವು ಪುಟಗಳ ನಡುವೆ ಹಳೆಯ ಟೋಟ್ ಟಿಕೆಟುಗಳು (ರೇಸ್ ಕ್ಲಬ್ಬಿನ ಕೌಂಟರಿನಲ್ಲಿ ಬಾಜಿ ಕಟ್ಟಿದ್ದಕ್ಕೆ ಕೊಡುವ ಚೀಟಿ) ಸಿಕ್ಕಿಕೊಂಡಿವೆ, ಶಾಯಿ ಅಳಿಸಿದೆ. ‘X’ ಇರುವ ಓಟದ ಪುಟದಲ್ಲಿ ಒಂದೇ ಒಂದು ಟಿಕೆಟೂ ಇಲ್ಲ. ಏಳೆಂಟು ಓಟಗಳ ದಿನದಲ್ಲಿ ‘X’ ಇಲ್ಲದ ಓಟ ಒಂದೋ ಎರಡೋ ಅಷ್ಟೇ. ಸಂಜೆಯವರೆಗೂ ಅಲ್ಲಿಯೇ ಇರುತ್ತಿದ್ದರು, ಬಹುಪಾಲು ಬರಿದೇ ನೋಡುತ್ತಿದ್ದರು. ಅಮ್ಮ ಇಷ್ಟು ವರ್ಷ ಅವರು ದಿನವಿಡೀ ಬಾಜಿ ಕಟ್ಟುತ್ತಾರೆಂದೇ ತಿಳಿದಿದ್ದರು. ಬೆಳಿಗ್ಗೆ ಪುಸ್ತಕಗಳನ್ನು ಅವರಿಗೂ ತೋರಿಸಿದೆ.

ಇನ್ನು ನಾಲ್ಕನೇ ನಂಬರಿನ ಕುದುರೆ. ಅದರ ರೇಟಿಂಗ್ ಎರಡು ಅಂಕ ಇಳಿದು 36 ಆಗಿದೆ. ಮುಂದಿನ ವಾರ ಮತ್ತೆ 1200 ಮೀಟರಿಗೆ ಹೆಸರು ಕೊಟ್ಟಿದ್ದಾರೆ, ತೂಕ 55.5, ಮೂರು ಕಿಲೋ ರಿಯಾಯಿತಿಯ ಅದೇ ಹುಡುಗ ಕೂರುವನಂತೆ, ಅಂದರೆ 52.5. ಗೆದ್ದ ದಿನಕ್ಕಿಂತ ಇನ್ನೂ ನಾಲ್ಕು ಕಿಲೋ ಹೆಚ್ಚು. ನಾನು ಅಂಚಿನಲ್ಲಿ ‘+8=4’ ಎಂದು ಬರೆದುಕೊಂಡಿದ್ದೇನೆ. ಸರಿಯೇ?

ಲೆಕ್ಕಿಗ

ಸರಿಯಾಗಿದೆ ಮೇಡಂ. ಈ ಸಲ ‘ಅ’ ಬರೆಯುವ ಅಗತ್ಯವಿಲ್ಲ.

ತಿರುವಿನ ಹತ್ತಿರ

ಗೇಟ್ ಸಂಖ್ಯೆ ಪ್ರಕಟವಾದ ಮೇಲೆ ಇಲ್ಲಿಯೇ ಬರೆಯಿರಿ. ಆ ಓಟದಲ್ಲಿ ಮುಂದೋಡುವ ಬೇರೆ ಕುದುರೆಗಳು ಯಾವುವೆಂದು ಅಷ್ಟರಲ್ಲಿ ನಾನು ಹುಡುಕಿಡುತ್ತೇನೆ.